ಎರಡು ಸಾವಿರ ರೂಪಾಯಿಯ ರಿಮೋಟ್ ಲಾರಿ

ಆಟಿಕೆ ಅಂಗಡಿಯಿಂದ ತಂದ ರಿಮೋಟ್ ಲಾರಿಯನ್ನು ನೆಲಕ್ಕೆ ಬಿಟ್ಟು ಗುಂಡಿ ಒತ್ತಿದರೆ ಅದು ಚಿಮ್ಮಿ ಓಡಿ ಎದುರಿನ ಗೋಡೆಗೆ ಬಡಿಯುತ್ತದೆ. ಕ್ಯಾಬಿನ್, ಬಣ್ಣ, ಚಕ್ರ ಎಲ್ಲವೂ ಲಾರಿಯದೇ. ನಡೆ ಮಾತ್ರ ಲಾರಿಯದಲ್ಲ. ಶಿರಾಡಿ ಘಾಟಿಯ ತಿರುವಿನಲ್ಲಿ ಮೊದಲನೇ ಗೇರಿಗೆ ಇಳಿದು, ಉಸಿರು ಕಟ್ಟಿಕೊಂಡು ಏರುವ ಟ್ಯಾಂಕರನ್ನು ಒಮ್ಮೆಯಾದರೂ ನೋಡಿದವರಿಗೆ ಈ ವ್ಯತ್ಯಾಸ ತಕ್ಷಣ ಕಾಣುತ್ತದೆ. ಲಾರಿಯ ಚೆಲುವು ಇರುವುದು ಅದರ ನಿಧಾನದಲ್ಲಿ, ಎಳೆಯುವ ಶಕ್ತಿಯಲ್ಲಿ.

ಸ್ವಲ್ಪ ಲೆಕ್ಕ ಹಾಕಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ನಿಜವಾದ ಲಾರಿಯ ಹದಿನಾರನೇ ಒಂದರಷ್ಟು ಅಳತೆಯಲ್ಲಿ, ಅಂದರೆ 1:16ರ ಪ್ರಮಾಣದಲ್ಲಿ ಮಾದರಿ ಕಟ್ಟುತ್ತೇವೆ ಎಂದುಕೊಳ್ಳಿ. ಹೆದ್ದಾರಿಯಲ್ಲಿ ಗಂಟೆಗೆ 60 ಕಿಲೋಮೀಟರ್ ಓಡುವ ಲಾರಿಯ ವೇಗ ಈ ಅಳತೆಗೆ ಇಳಿದಾಗ ಗಂಟೆಗೆ 3.75 ಕಿಲೋಮೀಟರ್ ಆಗುತ್ತದೆ. ಅದು ಮನುಷ್ಯ ಆರಾಮವಾಗಿ ನಡೆಯುವ ವೇಗ. ಈಗ ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಗಳಲ್ಲಿ ಸಿಗುವ ಅತ್ಯಂತ ಅಗ್ಗದ ಮೋಟಾರನ್ನು ನೋಡಿ. ಹಳದಿ ಪ್ಲಾಸ್ಟಿಕ್ ಗೇರ್‌ಬಾಕ್ಸಿನ ಈ ಪುಟ್ಟ ಮೋಟಾರಿಗೆ ನಮ್ಮ ಅಂಗಡಿಗಳಲ್ಲಿ 'ಬಿಒ ಮೋಟಾರ್' ಎಂಬ ಹೆಸರು. ಜೊತೆಗೆ ಸಿಗುವ ಚಕ್ರದ ವ್ಯಾಸ 65 ಮಿಲಿಮೀಟರ್, ಸುತ್ತಳತೆ ಸುಮಾರು 20 ಸೆಂಟಿಮೀಟರ್. ನಿಮಿಷಕ್ಕೆ 200 ಸುತ್ತು ತಿರುಗಿದರೆ ಗಂಟೆಗೆ ಸುಮಾರು ಎರಡೂವರೆ ಕಿಲೋಮೀಟರ್ ಸಾಗುತ್ತದೆ. ಅದನ್ನು 16ರಿಂದ ಗುಣಿಸಿದರೆ ಸುಮಾರು 39 ಬರುತ್ತದೆ. ಲೋಡು ತುಂಬಿದ ಲಾರಿಯೊಂದು ರಾಜ್ಯ ಹೆದ್ದಾರಿಯಲ್ಲಿ ಓಡುವ ವೇಗ ಅದು.

ಇನ್ನೊಂದು ಹೊಂದಿಕೆಯೂ ಇದೆ. ಈ ಮೋಟಾರುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಗೇರ್ ಅನುಪಾತ 1:48. ಒಳಗಿನ ಮೋಟಾರು 48 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುತ್ತದೆ. ನಿಜವಾದ ಭಾರೀ ಲಾರಿಯಲ್ಲೂ ಮೊದಲನೇ ಗೇರಿನಲ್ಲಿ ಗೇರ್‌ಬಾಕ್ಸು ಮತ್ತು ಹಿಂದಿನ ಆಕ್ಸಲ್ ಸೇರಿ ಎಂಜಿನ್ನಿನ ಹೆಚ್ಚುಕಡಿಮೆ 40-50 ಸುತ್ತಿಗೆ ಚಕ್ರದ ಒಂದು ಸುತ್ತು. ಶಾಲಾ ಮಕ್ಕಳ ರೋಬಾಟಿಗೆಂದು ಮಾಡಿದ, ಐವತ್ತು-ಅರವತ್ತು ರೂಪಾಯಿಗೆ ಸಿಗುವ ಈ ಮೋಟಾರು ಲಾರಿಗೆಂದೇ ಹುಟ್ಟಿದ ಹಾಗಿದೆ.

ಅಗ್ಗದ ಲಾರಿ ಕಟ್ಟುವ ವಿದ್ಯೆಯ ತಿರುಳು ಇಲ್ಲಿದೆ. ರೇಸ್ ಕಾರಿಗೆ ವೇಗದ ಮೋಟಾರು ಬೇಕು. ಅದನ್ನು ತಾಳಿಕೊಳ್ಳುವ ನಿಯಂತ್ರಕ, ಬ್ಯಾಟರಿ, ಟೈರು ಬೇಕು. ಎಲ್ಲಕ್ಕೂ ದುಡ್ಡು ಬೇಕು. ಲಾರಿಗೆ ಇದಾವುದೂ ಬೇಡ. ಹಾಗಾಗಿ ಕಡಿಮೆ ಖರ್ಚಿನಲ್ಲಿ ನಿಜವಾದ ನಡೆ ಬರಿಸಬಹುದಾದ ವಾಹನ ಲಾರಿಯೇ. ಮೋಟಾರಿನಲ್ಲಿ ಉಳಿದ ಹಣವನ್ನು ಬ್ಯಾಟರಿಗೆ ಮತ್ತು ಮೋಟಾರನ್ನು ನಡೆಸುವ ಬೋರ್ಡಿಗೆ ಹಾಕಬೇಕು. ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ.

ದುಬಾರಿ ಮಾದರಿಗಳೂ ಇವೆ, ಅವುಗಳಿಗೆ ದೊಡ್ಡ ಪರಂಪರೆಯೂ ಇದೆ. ಜಪಾನಿನ ಶಿಝುವೊಕಾ ನಗರದ ತಮಿಯಾ ಕಂಪನಿ 1976ರಲ್ಲಿ ಪೋರ್ಷೆ 934 ಕಾರಿನ ರಿಮೋಟ್ ಮಾದರಿಯನ್ನು ಬಿಡಿಭಾಗಗಳ ಕಿಟ್ ಆಗಿ ಮಾರುಕಟ್ಟೆಗೆ ತಂದಿತು. 1993ರಲ್ಲಿ ಅದೇ ಕಂಪನಿಯ 'ಕಿಂಗ್ ಹಾಲರ್' ಬಂತು. ಅದು 1:14ರ ಅಳತೆಯ, ಉದ್ದ ಮೂತಿಯ ಅಮೆರಿಕನ್ ಲಾರಿ. ಒಳಗೆ ರಿಮೋಟಿನಿಂದಲೇ ಬದಲಿಸಬಹುದಾದ ಮೂರು ವೇಗದ ಗೇರ್‌ಬಾಕ್ಸ್. ಜರ್ಮನಿಯ ಡಾರ್ಟ್‌ಮುಂಡ್‌ನಲ್ಲಿ ನಡೆಯುವ ಇಂಟರ್‌ಮೊಡೆಲ್‌ಬೌ ಮೇಳದಲ್ಲಿ ಇಂಥ ಲಾರಿಗಳಿಗೆಂದೇ ರಸ್ತೆ, ಮಣ್ಣಿನ ದಿಬ್ಬಗಳನ್ನು ಕಟ್ಟಿರುತ್ತಾರೆ. ಜೆಸಿಬಿ ಮಾದರಿಯ ಯಂತ್ರಗಳು ಟಿಪ್ಪರ್‌ಗಳಿಗೆ ಮಣ್ಣು ತುಂಬುತ್ತವೆ. ಆದರೆ ತಮಿಯಾ ಲಾರಿಯ ಕಿಟ್ ಒಂದಕ್ಕೇ ಹತ್ತಾರು ಸಾವಿರ ರೂಪಾಯಿ ಆಗುತ್ತದೆ. ರಿಮೋಟು, ಬ್ಯಾಟರಿ, ಸದ್ದಿನ ಘಟಕ ಎಲ್ಲ ಬೇರೆ. ಚೀನಾದ ಡಬ್ಲ್ಯುಪಿಎಲ್‌ನಂಥ ಕಂಪನಿಗಳ ಸಿದ್ಧ ಲಾರಿಗಳು ಅದರ ಸಣ್ಣ ಪಾಲಿನ ಬೆಲೆಗೆ ಸಿಗುತ್ತವೆ. ಕಟ್ಟುವ ವ್ಯವಧಾನ ಇಲ್ಲದವರಿಗೆ ಅವು ಸಾಕು. ಈ ಬರಹ ಕಟ್ಟುವವರಿಗೆ.

ರೇಡಿಯೋದಿಂದ ವಾಹನ ನಡೆಸುವ ಕಲ್ಪನೆ ಹೆಚ್ಚುಕಡಿಮೆ ಕಾರಿನಷ್ಟೇ ಹಳೆಯದು. ನಿಕೋಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನೀರಿನ ತೊಟ್ಟಿಯೊಳಗೆ ಪುಟ್ಟ ದೋಣಿಯೊಂದನ್ನು ತಂತಿಯಿಲ್ಲದೆ ಓಡಿಸಿ ತೋರಿಸಿದ್ದ. ಅದೇ ವರ್ಷ ನವೆಂಬರಿನಲ್ಲಿ ಅದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು. ಮುಂದೆ ಆಟಿಕೆಗಳಿಗೆ ಬಂದಾಗ ಈ ವಿದ್ಯೆ ತೀರಾ ಸರಳವಾಯಿತು. ಮನೆಯ ಅಟ್ಟದಲ್ಲಿ ಹಳೆಯ ರಿಮೋಟ್ ಕಾರು ಇದ್ದರೆ ಬಿಚ್ಚಿ ನೋಡಿ. ಒಳಗೆ ಟಿಎಕ್ಸ್-2, ಆರ್‌ಎಕ್ಸ್-2 ಎಂಬ ಹೆಸರಿನ ಚಿಪ್ಪುಗಳ ಜೋಡಿ ಇರುವ ಸಾಧ್ಯತೆ ಹೆಚ್ಚು. ರಿಮೋಟಿನ ಚಿಪ್ಪು ಆಜ್ಞೆಯನ್ನು ಮಿಡಿತಗಳ ಎಣಿಕೆಯಲ್ಲಿ ಕಳಿಸುತ್ತದೆ: ಮುಂದೆ ಹೋಗಲು 10 ಮಿಡಿತ, ಹಿಂದಕ್ಕೆ 40, ಎಡಕ್ಕೆ 58, ಬಲಕ್ಕೆ 64. ಕಾರಿನ ಚಿಪ್ಪು ಎಣಿಸಿ ಪಾಲಿಸುತ್ತದೆ. ಜಾಣ ಉಪಾಯವೇ. ಆದರೆ ಇದರಲ್ಲಿ 'ಸ್ವಲ್ಪ ಎಡಕ್ಕೆ', 'ನಿಧಾನವಾಗಿ ಮುಂದಕ್ಕೆ' ಎಂಬ ಆಜ್ಞೆಗಳಿಗೆ ಜಾಗವೇ ಇಲ್ಲ. ಇದ್ದರೆ ಪೂರ್ತಿ, ಇಲ್ಲದಿದ್ದರೆ ಇಲ್ಲ. ಲಾರಿಯನ್ನು ಹಿಮ್ಮುಖವಾಗಿ ಗೋದಾಮಿನ ಬಾಗಿಲಿಗೆ ತಂದು ನಿಲ್ಲಿಸುವ ಕೆಲಸಕ್ಕೆ ಇದು ನಡೆಯದು. ಒಂದೇ ತರಂಗಾಂತರದ ಎರಡು ಆಟಿಕೆಗಳು ಒಂದೇ ಅಂಗಳದಲ್ಲಿದ್ದರೆ ಒಬ್ಬರ ರಿಮೋಟಿಗೆ ಇನ್ನೊಬ್ಬರ ಕಾರು ಓಡುತ್ತಿದ್ದುದೂ ಆ ಕಾಲದ ಮಕ್ಕಳಿಗೆ ನೆನಪಿರುತ್ತದೆ.

ಈಗಿನ ಅಗ್ಗದ ರೇಡಿಯೋಗಳು ಕೆಲಸ ಮಾಡುವುದು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ. ವೈಫೈ, ಬ್ಲೂಟೂತ್ ಇರುವುದೂ ಅಲ್ಲೇ. ಭಾರತ ಸರ್ಕಾರ 2005ರಲ್ಲಿ ಈ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಉಪಕರಣಗಳಿಗೆ ಪರವಾನಗಿಯ ಅಗತ್ಯವನ್ನು ತೆಗೆದುಹಾಕಿತು. ಹವ್ಯಾಸಿಗಳು ಇವತ್ತು ಯಾರ ಅನುಮತಿಗೂ ಕಾಯದೆ ರಿಮೋಟ್ ಕಟ್ಟಬಹುದಾಗಿರುವುದು ಇದರಿಂದಲೇ. ಅಂಗಡಿಯ ಒಳ್ಳೆಯ ರಿಮೋಟುಗಳು ಒಂದು ಕಂಪನಾಂಕದಿಂದ ಇನ್ನೊಂದಕ್ಕೆ ಕ್ಷಣಕ್ಷಣಕ್ಕೂ ಜಿಗಿಯುತ್ತವೆ, ಆದ್ದರಿಂದ ಹತ್ತು ಲಾರಿಗಳು ಒಟ್ಟಿಗೆ ಓಡಿದರೂ ಗೊಂದಲವಿಲ್ಲ. ಜಿಗಿಯುವ ಈ ಉಪಾಯಕ್ಕೆ 1942ರಲ್ಲಿ ಪೇಟೆಂಟ್ ಪಡೆದವರಲ್ಲಿ ಒಬ್ಬಾಕೆ ಹಾಲಿವುಡ್ ನಟಿ ಹೆಡಿ ಲಮಾರ್. ಜೊತೆಗಾರ ಸಂಗೀತಗಾರ ಜಾರ್ಜ್ ಆಂಥೈಲ್. ಶತ್ರುಗಳು ಟಾರ್ಪಿಡೋದ ರೇಡಿಯೋ ಸಂಕೇತವನ್ನು ಕೆಡಿಸದಿರಲಿ ಎಂಬುದು ಅವರ ಉದ್ದೇಶವಾಗಿತ್ತು.

ರಿಮೋಟಿಗೆ ಮೂರು ದಾರಿಗಳಿವೆ. ಫ್ಲೈಸ್ಕೈನಂಥ ಸಿದ್ಧ ರಿಮೋಟು ಕೊಂಡರೆ ತಲೆನೋವಿಲ್ಲ, ಆದರೆ ಅದೊಂದೇ ಇಡೀ ಲಾರಿಯ ಖರ್ಚನ್ನು ಮೀರುತ್ತದೆ. ಎರಡನೆಯದು ಮೊಬೈಲ್ ಫೋನ್. ಶಾಂಘೈನ ಎಸ್ಪ್ರೆಸಿಫ್ ಕಂಪನಿಯ ಇಎಸ್‌ಪಿ32 ಬೋರ್ಡಿನಲ್ಲಿ ವೈಫೈ, ಬ್ಲೂಟೂತ್ ಎರಡೂ ಒಳಗೇ ಇವೆ. ಬೋರ್ಡು ತಾನೇ ಒಂದು ವೈಫೈ ತಾಣವಾಗಿ, ಫೋನಿನ ಪರದೆಯ ಮೇಲೆ ಸ್ಟೇರಿಂಗು ಮೂಡಿಸುತ್ತದೆ. ಖರ್ಚು ತೀರಾ ಕಡಿಮೆ. ಆದರೆ ಗಾಜಿನ ಪರದೆಯ ಮೇಲೆ ಬೆರಳಿಗೆ ಏನೂ ತಗಲುವುದಿಲ್ಲ. ಲಾರಿಯನ್ನು ನೋಡುತ್ತ ಓಡಿಸಬೇಕಾದ ಕಣ್ಣು ಮತ್ತೆ ಮತ್ತೆ ಫೋನಿಗೆ ಇಳಿಯುತ್ತದೆ. ಹಳೆಯ ಪ್ಲೇಸ್ಟೇಷನ್ ಕೈಹಿಡಿ ಮನೆಯಲ್ಲಿದ್ದರೆ ಅದನ್ನು ಬ್ಲೂಟೂತ್ ಮೂಲಕ ಇಎಸ್‌ಪಿ32ಗೆ ಜೋಡಿಸಬಹುದು, ಅದು ಬಲು ಒಳ್ಳೆಯ ಪರಿಹಾರ.

ಮೂರನೆಯದು ರಿಮೋಟನ್ನೂ ಕೈಯಾರೆ ಕಟ್ಟುವುದು. ಕಲಿಯುವ ಆಸೆಯುಳ್ಳವರಿಗೆ ಇದೇ ಸರಿ. ಬೇಕಾದದ್ದು ರಿಮೋಟಿಗೊಂದು, ಲಾರಿಗೊಂದರಂತೆ ಎರಡು ಅರ್ಡುಯಿನೋ ನ್ಯಾನೋ ಬೋರ್ಡು, ಎರಡು ರೇಡಿಯೋ ಮಾಡ್ಯೂಲು, ಒಂದೆರಡು ಜಾಯ್‌ಸ್ಟಿಕ್. ಅರ್ಡುಯಿನೋ ಹುಟ್ಟಿದ್ದು 2005ರಲ್ಲಿ, ಇಟಲಿಯ ಇವ್ರಿಯಾ ಪಟ್ಟಣದ ವಿನ್ಯಾಸ ಶಾಲೆಯೊಂದರಲ್ಲಿ. ಎಲೆಕ್ಟ್ರಾನಿಕ್ಸ್ ಓದದ ವಿದ್ಯಾರ್ಥಿಗಳೂ ಬಳಸಬಹುದಾದ ಅಗ್ಗದ ಬೋರ್ಡು ಬೇಕಿತ್ತು. ವಿನ್ಯಾಸವನ್ನು ಎಲ್ಲರಿಗೂ ತೆರೆದಿಟ್ಟಿದ್ದರಿಂದ ಯಾರು ಬೇಕಾದರೂ ನಕಲು ಮಾಡಿ ಮಾರಬಹುದಾಯಿತು. ಇಂದು ಇನ್ನೂರು-ಮುನ್ನೂರು ರೂಪಾಯಿಗೆ ಸಿಗುವ ನ್ಯಾನೋ ಬೋರ್ಡುಗಳು ಆ ಔದಾರ್ಯದ ಫಲ. ರೇಡಿಯೋ ಮಾಡ್ಯೂಲಿನ ಹೆಸರು ಎನ್‌ಆರ್‌ಎಫ್24ಎಲ್01. ಚಿಪ್ಪು ನಾರ್ವೆಯ ನಾರ್ಡಿಕ್ ಸೆಮಿಕಂಡಕ್ಟರ್ ಕಂಪನಿಯ ವಿನ್ಯಾಸ.

ಈ ಮಾಡ್ಯೂಲಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಇದಕ್ಕೆ ಕೊಡಬೇಕಾದದ್ದು 3.3 ವೋಲ್ಟ್, 5 ವೋಲ್ಟಿನ ಪಿನ್ನಿಗೆ ಜೋಡಿಸಿದರೆ ಸುಟ್ಟುಹೋಗುತ್ತದೆ. ಎರಡನೆಯದಾಗಿ, ಅದರ ವಿದ್ಯುತ್ ಪಿನ್ನುಗಳ ನಡುವೆ 10 ಮೈಕ್ರೋಫ್ಯಾರಡ್‌ನ ಸಣ್ಣ ಕೆಪಾಸಿಟರ್ ಬೆಸೆಯಬೇಕು. ಸಂಕೇತ ಕಳಿಸುವ ಕ್ಷಣದಲ್ಲಿ ಬೇಕಾಗುವ ಹೆಚ್ಚಿನ ಕರೆಂಟನ್ನು ಅದು ಕೊಡುತ್ತದೆ. ಎರಡು-ಮೂರು ರೂಪಾಯಿಯ ಈ ಕೆಪಾಸಿಟರ್ ಇಲ್ಲದೆ 'ಮಾಡ್ಯೂಲು ಕೆಟ್ಟಿದೆ' ಎಂದು ಎಸೆದವರು ಎಷ್ಟೋ ಮಂದಿ.

ಇನ್ನು ವಿದ್ಯುತ್ತಿನ ವಿಚಾರ. ಅಗ್ಗದ ಲಾರಿಗಳು ಸೋಲುವುದು ಹೆಚ್ಚಾಗಿ ಇಲ್ಲಿಯೇ, ಆದ್ದರಿಂದ ಇದನ್ನು ಸಾವಧಾನವಾಗಿ ನೋಡಬೇಕು.

ಹೊಸಬರು ಮೊದಲು ಕೈಹಾಕುವುದು ಚೌಕಾಕಾರದ 9 ವೋಲ್ಟಿನ ಬ್ಯಾಟರಿಗೆ. ಹೆಸರಿನಲ್ಲಿ ವೋಲ್ಟು ಹೆಚ್ಚಿದೆ, ಹೊಟ್ಟೆಯಲ್ಲಿ ಶಕ್ತಿ ಇಲ್ಲ. ಹೊಗೆ ಪತ್ತೆ ಹಚ್ಚುವ ಸಾಧನ, ಮಲ್ಟಿಮೀಟರ್ ಮುಂತಾದ ಅಲ್ಪಾಹಾರಿ ಸಾಧನಗಳಿಗೆ ಮಾಡಿದ್ದು ಅದು. ಬಿಒ ಮೋಟಾರು 6 ವೋಲ್ಟಿನಲ್ಲಿ ಹೊರೆಯಿಲ್ಲದೆ ತಿರುಗುವಾಗ ಸುಮಾರು 160 ಮಿಲಿಆಂಪಿಯರ್ ಎಳೆಯುತ್ತದೆ. ಚಕ್ರ ಕಲ್ಲಿಗೆ ಸಿಕ್ಕಿ ನಿಂತುಹೋದರೆ ಅದೇ ಮೋಟಾರು ಒಂದೂವರೆ ಆಂಪಿಯರ್‌ವರೆಗೆ ಎಳೆಯುತ್ತದೆ. ಎರಡು ಮೋಟಾರು ಇದ್ದರೆ ಮೂರು ಆಂಪಿಯರ್. 9 ವೋಲ್ಟಿನ ಬ್ಯಾಟರಿಗೆ ಅಷ್ಟು ಕೊಡುವ ತ್ರಾಣವಿಲ್ಲ. ಅದರ ವೋಲ್ಟೇಜು ಕುಸಿಯುತ್ತದೆ. ಮನೆಯಲ್ಲಿ ಮಿಕ್ಸಿ ಹಾಕಿದಾಗ ಬಲ್ಬು ಮಂಕಾಗುವ ಹಾಗೆ, ಮೋಟಾರು ಎಳೆದಾಗ ಅರ್ಡುಯಿನೋಗೆ ವಿದ್ಯುತ್ ಸಾಲದೆ ಅದು ಆಫಾಗಿ ಮತ್ತೆ ಆರಂಭವಾಗುತ್ತದೆ. ಹೊರಗಿನಿಂದ ನೋಡುವವರಿಗೆ ಲಾರಿ ಜರ್ಕು ಹೊಡೆದು ನಿಂತ ಹಾಗೆ ಕಾಣುತ್ತದೆ. ತಪ್ಪು ಪ್ರೋಗ್ರಾಮಿನಲ್ಲಿದೆ ಎಂದು ರಾತ್ರಿಯಿಡೀ ಹುಡುಕಿದರೂ ಸಿಗುವುದಿಲ್ಲ.

ಸರಿಯಾದ ಆಯ್ಕೆ 18650 ಎಂಬ ಲಿಥಿಯಂ ಅಯಾನ್ ಸೆಲ್ಲು. ಹೆಸರಿನಲ್ಲೇ ಅಳತೆ ಇದೆ: 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದ. ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಗಳೊಳಗೂ ಇದೇ ಇರುತ್ತಿತ್ತು. ಒಂದರ ಸಾಮಾನ್ಯ ವೋಲ್ಟೇಜು 3.7, ತುಂಬಿದಾಗ 4.2. ಎರಡನ್ನು ಸರಣಿಯಲ್ಲಿ ಜೋಡಿಸಿದರೆ 7.4 ವೋಲ್ಟ್ ಸಿಗುತ್ತದೆ. ಅಷ್ಟು ಸಾಕು. 2,000 ಮಿಲಿಆಂಪಿಯರ್-ಅವರ್ (ಎಂಎಎಚ್) ಸಾಮರ್ಥ್ಯದ ಸೆಲ್ಲುಗಳಿದ್ದರೆ ಇಷ್ಟು ಸಣ್ಣ ಲಾರಿ ಎರಡು-ಮೂರು ಗಂಟೆ ಓಡುತ್ತದೆ.

ಇಲ್ಲಿ ಮೋಸವೂ ಇದೆ, ಅಪಾಯವೂ ಇದೆ. ಮಾರುಕಟ್ಟೆಯಲ್ಲಿ 9,900 ಎಂಎಎಚ್ ಎಂದು ಅಚ್ಚು ಹಾಕಿದ ಸೆಲ್ಲುಗಳು ಸಿಗುತ್ತವೆ. ಈ ಗಾತ್ರದ ಸೆಲ್ಲಿನಲ್ಲಿ ಅಷ್ಟು ಶಕ್ತಿ ಹಿಡಿಸುವುದೇ ಇಲ್ಲ. ಒಳ್ಳೆಯ ಕಂಪನಿಗಳ ಸೆಲ್ಲುಗಳೇ 3,500ರ ಆಸುಪಾಸಿನಲ್ಲಿ ನಿಲ್ಲುತ್ತವೆ. ಅಸಲಿ ಸೆಲ್ಲು ಸುಮಾರು 45 ಗ್ರಾಂ ತೂಗುತ್ತದೆ. ಕೈಗೆ ತೀರಾ ಹಗುರವೆನಿಸಿದರೆ ಕೊಳ್ಳಬೇಡಿ. ಲಿಥಿಯಂ ಸೆಲ್ಲನ್ನು 4.2 ವೋಲ್ಟಿಗಿಂತ ಹೆಚ್ಚು ತುಂಬಿಸಿದರೆ, ಅಥವಾ ಎರಡು ತುದಿಗಳು ಕೀಲಿಗೊಂಚಲಿನಂಥ ಲೋಹಕ್ಕೆ ತಾಗಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಟಿಪಿ4056 ಎಂಬ ಇಪ್ಪತ್ತು-ಮೂವತ್ತು ರೂಪಾಯಿಯ ಚಾರ್ಜರ್ ಮಾಡ್ಯೂಲು ಒಂದೇ ಸೆಲ್ಲಿಗೆ ಮಾಡಿದ್ದು. ಸರಣಿಯಲ್ಲಿರುವ ಎರಡು ಸೆಲ್ಲಿಗೆ ಅದನ್ನು ಜೋಡಿಸಲೇಬಾರದು. ಸೆಲ್ಲಿಗೆ ನೇರವಾಗಿ ಸೋಲ್ಡರ್ ಮಾಡಬಾರದು, ಹೋಲ್ಡರ್‌ನಲ್ಲಿ ಕೂರಿಸಬೇಕು. ಚಾರ್ಜಿಗೆ ಹಾಕಿ ಮಲಗಬಾರದು. ಮಕ್ಕಳೇ ಕಟ್ಟುವುದಾದರೆ ಲಿಥಿಯಂ ಬಿಟ್ಟು, ಪೆನ್‌ಟಾರ್ಚ್ ಸೆಲ್ಲಿನ ಗಾತ್ರದ ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲುಗಳನ್ನು ಆರಿಸಿಕೊಳ್ಳಿ. 1.2 ವೋಲ್ಟಿನ ಆರು ಸೆಲ್ಲು ಸೇರಿ 7.2 ವೋಲ್ಟ್. ಸ್ವಲ್ಪ ಭಾರ, ಆದರೆ ಲಾರಿಗೆ ಭಾರ ಇದ್ದರೆ ಒಳ್ಳೆಯದೇ.

ಬ್ಯಾಟರಿಗೂ ಮೋಟಾರಿಗೂ ನಡುವೆ ಒಂದು ಡ್ರೈವರ್ ಬೋರ್ಡು ಬೇಕು, ಯಾಕೆಂದರೆ ಅರ್ಡುಯಿನೋದ ಪಿನ್ನು ಮೋಟಾರನ್ನು ನೇರವಾಗಿ ತಿರುಗಿಸಲಾರದು. ಎಲ್ಲೆಲ್ಲೂ ಸಿಗುವುದು ಕೆಂಪು ಬಣ್ಣದ, ಕಪ್ಪು ಹೀಟ್‌ಸಿಂಕ್ ಹೊತ್ತ ಎಲ್298ಎನ್. ಗಟ್ಟಿಮುಟ್ಟು, ಆದರೆ ಹಳೆಯ ತಲೆಮಾರಿನ ಚಿಪ್ಪು. ಒಂದು ಆಂಪಿಯರ್ ಹರಿಯುವಾಗಲೇ ಸುಮಾರು ಎರಡು ವೋಲ್ಟನ್ನು ಅದು ತಾನೇ ನುಂಗಿ ಶಾಖವಾಗಿ ಬಿಡುತ್ತದೆ. 7.4ರಲ್ಲಿ ಎರಡು ಹೋದರೆ ಬ್ಯಾಟರಿಯ ಕಾಲು ಭಾಗಕ್ಕಿಂತ ಹೆಚ್ಚು ಶಕ್ತಿ ಗಾಳಿಗೆ ಹೋಯಿತು. ತೋಷಿಬಾದ ಟಿಬಿ6612 ಚಿಪ್ಪಿನ ಬೋರ್ಡು ಉಗುರಿನಷ್ಟೇ ದೊಡ್ಡದು, ನಷ್ಟ ಅತ್ಯಲ್ಪ, ಪ್ರತಿ ಮೋಟಾರಿಗೆ ನಿರಂತರವಾಗಿ 1.2 ಆಂಪಿಯರ್, ಕ್ಷಣಮಾತ್ರಕ್ಕೆ 3.2 ಆಂಪಿಯರ್‌ವರೆಗೆ ತಾಳುತ್ತದೆ. ಐವತ್ತು-ನೂರು ರೂಪಾಯಿ ಹೆಚ್ಚಾದರೂ ಇದನ್ನೇ ತೆಗೆದುಕೊಳ್ಳಿ. ಒಂದು ಎಚ್ಚರ: ನಷ್ಟವಿಲ್ಲದ ಕಾರಣ ತುಂಬಿದ ಬ್ಯಾಟರಿಯ 8.4 ವೋಲ್ಟ್ ಪೂರ್ತಿ ಮೋಟಾರಿಗೆ ತಲುಪುತ್ತದೆ, ಬಿಒ ಮೋಟಾರು 6 ವೋಲ್ಟಿನದು. ಪ್ರೋಗ್ರಾಮಿನಲ್ಲಿ ಗರಿಷ್ಠ ವೇಗವನ್ನು ಶೇಕಡಾ 70ಕ್ಕೆ ಕಟ್ಟಿಹಾಕಿದರೆ ಸರಿಹೋಗುತ್ತದೆ.

ಅರ್ಡುಯಿನೋಗೂ ಸ್ಟೇರಿಂಗನ್ನು ತಿರುಗಿಸುವ ಪುಟ್ಟ ಮೋಟಾರಾದ ಸರ್ವೋಗೂ 5 ವೋಲ್ಟ್ ಕೊಡಲು, ವೋಲ್ಟೇಜು ತಗ್ಗಿಸುವ ಸಣ್ಣ ಬಕ್ ಕನ್ವರ್ಟರ್ ಬೇಕು. ಸರ್ವೋವನ್ನು ಅರ್ಡುಯಿನೋದ ಪಿನ್ನಿನಿಂದ ನಡೆಸುವ ಆಸೆ ಬೇಡ. ಎಲ್ಲ ಬೋರ್ಡುಗಳ ಗ್ರೌಂಡ್ ತಂತಿಗಳು ಒಂದೆಡೆ ಸೇರಬೇಕು, ಇಲ್ಲದಿದ್ದರೆ ಸಂಕೇತಗಳಿಗೆ ಅರ್ಥವೇ ಇರುವುದಿಲ್ಲ. ಮೋಟಾರಿನ ಎರಡು ತುದಿಗಳ ನಡುವೆ '104' ಎಂದು ಬರೆದಿರುವ ಪುಟ್ಟ ಸೆರಾಮಿಕ್ ಕೆಪಾಸಿಟರ್ ಬೆಸೆದರೆ ಬ್ರಷ್‌ಗಳ ಕಿಡಿಯಿಂದ ರೇಡಿಯೋಗೆ ಆಗುವ ಕಿರಿಕಿರಿ ತಗ್ಗುತ್ತದೆ.

ಸ್ಟೇರಿಂಗಿಗೆ ಒಂಬತ್ತು ಗ್ರಾಂ ತೂಕದ ಎಸ್‌ಜಿ90 ಸರ್ವೋ ಸಾಕು. ಅದರ ಪ್ಲಾಸ್ಟಿಕ್ ಹಲ್ಲುಗಳು ಬೇಗ ಮುರಿಯುತ್ತವೆ, ಲೋಹದ ಹಲ್ಲಿನ ಎಂಜಿ90ಎಸ್ ಬಾಳಿಕೆ ಬರುತ್ತದೆ. ಸೆಕೆಂಡಿಗೆ 50 ಬಾರಿ ಬರುವ ಮಿಡಿತದ ಅಗಲವೇ ಸರ್ವೋಗೆ ಭಾಷೆ: 1.5 ಮಿಲಿಸೆಕೆಂಡ್ ಇದ್ದರೆ ನೇರ, ಒಂದಕ್ಕೆ ಇಳಿದರೆ ಒಂದು ಬದಿ, ಎರಡಕ್ಕೆ ಏರಿದರೆ ಇನ್ನೊಂದು ಬದಿ. ಸರ್ವೋದಿಂದ ಚಕ್ರಕ್ಕೆ ಕೊಂಡಿಯಾಗಿ ಹಳೆಯ ಸೈಕಲ್ ಸ್ಪೋಕ್ ಬಲು ಚೆನ್ನಾಗಿ ಹೊಂದುತ್ತದೆ. ತುದಿಯಲ್ಲಿ ಮರೆ ಇರುವುದರಿಂದ ಉದ್ದವನ್ನು ನಟ್ಟಿನಿಂದಲೇ ಹೊಂದಿಸಬಹುದು.

ತಿರುವಿನಲ್ಲಿ ಒಳಬದಿಯ ಚಕ್ರ ಹೊರಬದಿಯದಕ್ಕಿಂತ ಹೆಚ್ಚು ತಿರುಗಬೇಕು, ಇಲ್ಲದಿದ್ದರೆ ಟೈರು ಉಜ್ಜುತ್ತದೆ. ಮ್ಯೂನಿಕ್‌ನ ಗಾಡಿ ತಯಾರಕ ಗೇಯೊರ್ಗ್ ಲಾಂಕೆನ್‌ಸ್ಪೆರ್ಗರ್ ಕುದುರೆ ಗಾಡಿಗಳಿಗಾಗಿ ಇದರ ಪರಿಹಾರ ಕಂಡುಕೊಂಡ. ಅವನ ಪ್ರತಿನಿಧಿ ರುಡಾಲ್ಫ್ ಆಕರ್‌ಮನ್ 1818ರಲ್ಲಿ ಲಂಡನ್ನಿನಲ್ಲಿ ಪೇಟೆಂಟ್ ಪಡೆದ. ಹೆಸರು ಆಕರ್‌ಮನ್‌ಗೇ ಉಳಿಯಿತು. ಮನೆಯಲ್ಲಿ ಮಾಡುವುದು ಸುಲಭ. ಎರಡೂ ಮುಂಚಕ್ರಗಳ ಸ್ಟೇರಿಂಗ್ ತೋಳುಗಳನ್ನು ಸ್ವಲ್ಪ ಒಳಮುಖವಾಗಿ ವಾಲಿಸಿ, ಅವುಗಳ ಗೆರೆಗಳನ್ನು ಹಿಂದಕ್ಕೆ ಎಳೆದರೆ ಹಿಂದಿನ ಆಕ್ಸಲ್ಲಿನ ನಡುವೆ ಕೂಡುವಂತೆ ಇಟ್ಟರೆ ಆಯಿತು. ಹಿಂದಿನ ಎರಡು ಚಕ್ರಗಳಿಗೆ ಎರಡು ಬೇರೆ ಮೋಟಾರು ಇರುವುದರಿಂದ ಡಿಫರೆನ್ಷಿಯಲ್ ಗೇರೂ ಬೇಡ. ತಿರುವಿನಲ್ಲಿ ಒಳಬದಿಯ ಮೋಟಾರಿನ ವೇಗವನ್ನು ಪ್ರೋಗ್ರಾಮಿನಿಂದಲೇ ತುಸು ತಗ್ಗಿಸಬಹುದು.

ಚಾಸಿಗೆ ದೊಡ್ಡ ಖರ್ಚಿಲ್ಲ. ಕಿಟಕಿ ಮಾಡುವವರ ಬಳಿ ಉಳಿದ ಅಲ್ಯೂಮಿನಿಯಂ ಪಟ್ಟಿಯ ಎರಡು ತುಂಡು ಸಾಕು. ನಮ್ಮ ಆರು ಚಕ್ರದ ಲಾರಿಗಳಲ್ಲಿ ಸುಮಾರು 4.2 ಮೀಟರ್ ವೀಲ್‌ಬೇಸ್ ಸಾಮಾನ್ಯ. 1:16ರಲ್ಲಿ ಅದು 26 ಸೆಂಟಿಮೀಟರ್. ಎರಡೂವರೆ ಮೀಟರ್ ಅಗಲ ಇಳಿದು ಹದಿನೈದೂವರೆ ಸೆಂಟಿಮೀಟರ್ ಆಗುತ್ತದೆ. ಕ್ಯಾಬಿನ್ನಿಗೂ ಬಾಡಿಗೂ ನಾಮಫಲಕ ಮಾಡುವ ಅಂಗಡಿಯ ಸನ್‌ಬೋರ್ಡ್ ತುಂಡುಗಳನ್ನು ಕೇಳಿ. ಬ್ಲೇಡಿನಿಂದ ಕತ್ತರಿಸಬಹುದು, ಫೆವಿಕ್ವಿಕ್‌ನಿಂದ ಅಂಟಿಸಬಹುದು, ಬಣ್ಣ ಹಿಡಿಯುತ್ತದೆ. ಕೇರಳದಲ್ಲೂ ಕರ್ನಾಟಕದಲ್ಲೂ ಬಸ್ಸುಗಳ ಪುಟ್ಟ ಮಾದರಿ ಮಾಡುವ ಹವ್ಯಾಸಿಗಳು ಇಂಥ ಹಾಳೆಗಳಲ್ಲಿ ಸೀಟು, ಕಿಟಕಿ, ಬೋರ್ಡು ಸಮೇತ ಅಚ್ಚರಿಯ ಕೆಲಸ ಮಾಡಿದ್ದಾರೆ. ಅವರ ಕೈಚಳಕಕ್ಕೆ ಒಂದು ರೇಡಿಯೋ ಸೇರಿದರೆ ತಮಿಯಾ ಕಿಟ್ಟಿನ ಪಕ್ಕ ನಿಲ್ಲಿಸಬಹುದಾದ ಲಾರಿಗಳು ಇಲ್ಲೇ ಹುಟ್ಟುತ್ತವೆ. ಬ್ಯಾಟರಿಯನ್ನು ಎಷ್ಟು ಸಾಧ್ಯವೋ ಅಷ್ಟು ಕೆಳಗೆ, ಹಿಂದಿನ ಆಕ್ಸಲ್ಲಿಗೆ ಹತ್ತಿರ ಕೂರಿಸಿ. ಹಿಂದಿನ ಚಕ್ರಗಳ ಮೇಲೆ ಭಾರ ಬಿದ್ದರೆ ಮಾತ್ರ ಹಿಡಿತ.

ಎಷ್ಟು ಲೋಡು ಹಾಕಬಹುದು? ಉದ್ದ, ಅಗಲ, ಎತ್ತರ ಮೂರೂ ಹದಿನಾರನೇ ಒಂದು ಭಾಗವಾದಾಗ ತೂಕ 4,096ನೇ ಒಂದು ಭಾಗವಾಗುತ್ತದೆ. ಲೋಡು ಸೇರಿ 16 ಟನ್ ತೂಗುವ ಲಾರಿಯ ಮಾದರಿ ಲೆಕ್ಕದ ಪ್ರಕಾರ ನಾಲ್ಕು ಕಿಲೋ ಹತ್ತಿರ ತೂಗಬೇಕು. ಬಿಒ ಮೋಟಾರಿನ ಪ್ಲಾಸ್ಟಿಕ್ ಗೇರಿಗೆ ಅದು ಹೆಚ್ಚು. ಲಾರಿ, ಲೋಡು ಎಲ್ಲ ಸೇರಿ ಎರಡು ಕಿಲೋ ಒಳಗೆ ಇಟ್ಟುಕೊಳ್ಳುವುದು ಕ್ಷೇಮ.

ಕೊನೆಗೆ ಪ್ರೋಗ್ರಾಮು. ರೇಡಿಯೋ, ಸರ್ವೋಗಳಿಗೆ ಸಿದ್ಧ ಲೈಬ್ರರಿಗಳು ಉಚಿತವಾಗಿ ಸಿಗುತ್ತವೆ. ಸರ್ವೋ ಲೈಬ್ರರಿ ಬಳಸಿದಾಗ ನ್ಯಾನೋದ 9 ಮತ್ತು 10ನೇ ಪಿನ್ನುಗಳಲ್ಲಿ ಮೋಟಾರಿನ ವೇಗ ನಿಯಂತ್ರಣ ನಡೆಯುವುದಿಲ್ಲ. 11, 12, 13 ರೇಡಿಯೋಗೆ ಮೀಸಲು. ಮೋಟಾರಿಗೆ 3, 5, 6ನೇ ಪಿನ್ನುಗಳನ್ನು ಆರಿಸಿದರೆ ತೊಡಕಿಲ್ಲ.

ಎರಡು ಸಂಗತಿಗಳನ್ನು ಪ್ರೋಗ್ರಾಮಿನಲ್ಲಿ ತಪ್ಪದೆ ಬರೆಯಬೇಕು. ಅರ್ಧ ಸೆಕೆಂಡು ರಿಮೋಟಿನಿಂದ ಸಂಕೇತ ಬಾರದಿದ್ದರೆ ಮೋಟಾರು ತಾನಾಗಿ ನಿಲ್ಲಬೇಕು. ಇದಿಲ್ಲದಿದ್ದರೆ ರಿಮೋಟಿನ ಬ್ಯಾಟರಿ ಮುಗಿದ ಕ್ಷಣದಲ್ಲಿ ಲಾರಿ ಕೊನೆಯ ಆಜ್ಞೆಯನ್ನೇ ಪಾಲಿಸುತ್ತ ರಸ್ತೆಗೋ ಬಾವಿಗೋ ಹೋಗುತ್ತದೆ. ಇನ್ನೊಂದು, ವೇಗ ಒಮ್ಮೆಗೇ ಏರಬಾರದು. ಜಾಯ್‌ಸ್ಟಿಕ್ಕನ್ನು ಪೂರ್ತಿ ತಳ್ಳಿದರೂ ಮೋಟಾರು ಪೂರ್ಣ ವೇಗಕ್ಕೆ ಬರಲು ಎರಡು-ಮೂರು ಸೆಕೆಂಡು ತೆಗೆದುಕೊಳ್ಳುವಂತೆ, ಬಿಟ್ಟಾಗಲೂ ಮೆಲ್ಲನೆ ನಿಲ್ಲುವಂತೆ ಮಾಡಬೇಕು. ಇದಕ್ಕೆ ಹತ್ತು ಸಾಲಿನ ಪ್ರೋಗ್ರಾಮು ಸಾಕು, ರೂಪಾಯಿಯ ಖರ್ಚಿಲ್ಲ. ಆದರೆ ಸನ್‌ಬೋರ್ಡಿನ ಹಗುರ ಪೆಟ್ಟಿಗೆಗೆ ಹದಿನಾರು ಟನ್ನಿನ ಗಾಂಭೀರ್ಯ ಬರುವುದು ಇದರಿಂದ. ಆಟಿಕೆ ಲಾರಿಗೂ ಕಟ್ಟಿದ ಲಾರಿಗೂ ಇರುವ ಅತಿ ದೊಡ್ಡ ವ್ಯತ್ಯಾಸವೂ ಇದೇ. ಹೆಡ್‌ಲೈಟು, ಇಂಡಿಕೇಟರು, ರಿವರ್ಸಿನ ಸದ್ದು ಎಲ್ಲ ಆಮೇಲೆ ನಿಧಾನವಾಗಿ ಸೇರಿಸಿಕೊಳ್ಳಬಹುದು. ಗಾಡಿಯ ವೇಗಕ್ಕೆ ತಕ್ಕಂತೆ ಎಂಜಿನ್ನಿನ ಸದ್ದು ಏರಿಳಿಸುವ ಮುಕ್ತ ಪ್ರೋಗ್ರಾಮುಗಳೂ ಇಎಸ್‌ಪಿ32 ಬೋರ್ಡಿಗೆ ಸಿಗುತ್ತವೆ.

ಒಟ್ಟು ಖರ್ಚು? ಎರಡು ನ್ಯಾನೋಗೆ ಐನೂರು, ರೇಡಿಯೋ ಜೋಡಿಗೆ ಇನ್ನೂರು, ಮೋಟಾರು-ಚಕ್ರಗಳಿಗೆ ಮುನ್ನೂರು, ಡ್ರೈವರು ಮತ್ತು ಸರ್ವೋಗೆ ನಾನೂರು, ಸೆಲ್ಲು, ಹೋಲ್ಡರು, ಚಾರ್ಜರಿಗೆ ನಾನೂರು-ಐನೂರು, ಉಳಿದ ಸಣ್ಣಪುಟ್ಟದಕ್ಕೆ ಇನ್ನೂರು. ಅಂಗಡಿಯಿಂದ ಅಂಗಡಿಗೆ ಬೆಲೆ ಬದಲಾದರೂ ಎರಡು ಸಾವಿರದ ಆಸುಪಾಸಿನಲ್ಲಿ ಮುಗಿಯುತ್ತದೆ. ಫೋನನ್ನೇ ರಿಮೋಟಾಗಿ ಬಳಸಿದರೆ ಇನ್ನೂ ಇಳಿಯುತ್ತದೆ. ಬೆಂಗಳೂರಿನ ಟೌನ್‌ಹಾಲ್ ಬಳಿಯ ಎಸ್.ಪಿ. ರಸ್ತೆಯಲ್ಲಿ, ಅಂದರೆ ಸಾದರ ಪತ್ರಪ್ಪ ರಸ್ತೆಯಲ್ಲಿ, ಇವೆಲ್ಲ ಬಿಡಿಬಿಡಿಯಾಗಿ ಒಂದೊಂದೇ ಸಿಗುತ್ತವೆ. ಊರಿನಲ್ಲಿರುವವರಿಗೆ ಆನ್‌ಲೈನ್ ಅಂಗಡಿಗಳಿವೆ. ಸೋಲ್ಡರಿಂಗ್ ಐರನ್ ಮತ್ತು ಮಲ್ಟಿಮೀಟರ್ ಈ ಲೆಕ್ಕದಲ್ಲಿ ಇಲ್ಲ. ಅವು ಒಂದು ಸಲ ಕೊಂಡರೆ ವರ್ಷಗಟ್ಟಲೆ ಉಳಿಯುವ ಸಾಮಾನು, ಮಲ್ಟಿಮೀಟರ್ ಇಲ್ಲದೆ ಲಿಥಿಯಂ ಸೆಲ್ಲು ಮುಟ್ಟಲೂಬಾರದು.

ಶಾಲೆಗಳ ಮೇಷ್ಟ್ರುಗಳಿಗೆ ಇಲ್ಲಿ ಒಂದು ಕೋರಿಕೆ. ಕೇಂದ್ರದ ಅಟಲ್ ಇನ್ನೊವೇಷನ್ ಮಿಷನ್ 2016ರಿಂದ ದೇಶದ 10,000 ಶಾಲೆಗಳಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್‌ಗಳನ್ನು ತೆರೆಯಲು ತಲಾ 20 ಲಕ್ಷ ರೂಪಾಯಿವರೆಗೆ ನೆರವು ಕೊಟ್ಟಿದೆ. 6ರಿಂದ 12ನೇ ತರಗತಿಯ ಮಕ್ಕಳಿಗೆಂದು ಅರ್ಡುಯಿನೋ, ಮೋಟಾರು, ತ್ರೀಡಿ ಪ್ರಿಂಟರ್ ಅಲ್ಲಿವೆ. ಕಪ್ಪು ಗೆರೆಯ ಮೇಲೆ ಓಡುವ ರೋಬಾಟಿನಲ್ಲೇ ಅವು ನಿಂತುಹೋಗಬಾರದು. ಲಾರಿಯೊಂದನ್ನು ಕಟ್ಟಲು ಕೊಟ್ಟರೆ ಮಕ್ಕಳು ಅನುಪಾತ, ಘರ್ಷಣೆ, ಓಮ್‌ನ ನಿಯಮ, ರೇಡಿಯೋ ತರಂಗ ಎಲ್ಲವನ್ನೂ ಒಂದೇ ಮೇಜಿನ ಮೇಲೆ ಮುಟ್ಟಿ ಕಲಿಯುತ್ತಾರೆ. ನಾಲ್ಕು ಮಕ್ಕಳ ಗುಂಪಿಗೆ ಒಂದು ಲಾರಿ ಸಾಕು.

ಮನೆಯಲ್ಲಿ ಒಬ್ಬರೇ ಶುರು ಮಾಡುವವರು ಕ್ಯಾಬಿನ್ನಿಗೆ ಬಣ್ಣ ಬಳಿಯುವ ಆಸೆಯನ್ನು ತುಸು ಮುಂದೂಡಲಿ. ಮೊದಲು ಹಲಗೆಯ ತುಂಡಿಗೆ ಎರಡು ಮೋಟಾರು, ಡ್ರೈವರು, ಬ್ಯಾಟರಿ ಕಟ್ಟಿ, ಅದರ ಮೇಲೆ ಒಂದು ಕಿಲೋ ಅಕ್ಕಿಯ ಚೀಲ ಇಟ್ಟು ಎಳೆಯುತ್ತದೆಯೇ ನೋಡಿ. ಎಳೆದರೆ ರೇಡಿಯೋ ತನ್ನಿ. ಎಸ್.ಪಿ. ರಸ್ತೆಗೆ ಹೋಗುವುದಾದರೆ ವಾರದ ದಿನ ಹೋಗಿ; ಭಾನುವಾರ ಅಲ್ಲಿನ ಹೆಚ್ಚಿನ ಅಂಗಡಿಗಳು ಬಾಗಿಲು ಹಾಕಿರುತ್ತವೆ.